ಹೈಸ್ಕೂಲಿನ ಕೋಚ್ ಕಾಲೇಜಿಗೆ ಹೋಗಬೇಕೆ?



ಈ ದತ್ತಿ ಉಪನ್ಯಾಸ ಒಬ್ಬ ಪಿ.ಟಿ. ಮೇಷ್ಟ್ರ ಹೆಸರಿನಲ್ಲಿದೆ. ಬಡ್ತಿ ಸಿಕ್ಕರೂ ಊರು ಬಿಡದೆ, ಒಂದೇ ಪ್ರೌಢಶಾಲೆಯ ಮಣ್ಣಿನ ಮೈದಾನದಲ್ಲಿ ನಿವೃತ್ತಿಯವರೆಗೆ ಮಕ್ಕಳನ್ನು ಓಡಿಸಿದವರು ಅವರು. ಅವರ ಮಕ್ಕಳು ನನ್ನನ್ನು ಆಹ್ವಾನಿಸುವಾಗ, "ವಿಷಯ ನಿಮಗೆ ಬಿಟ್ಟದ್ದು, ಆಟ ಕಲಿಸುವವರನ್ನು ಕುರಿತು ಇದ್ದರೆ ಅಪ್ಪನಿಗೆ ಒಪ್ಪುತ್ತಿತ್ತು" ಎಂದಿದ್ದರು. ನಾನು ಬಹುಕಾಲ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಉತ್ತರದ ಊರೊಂದರ ಸಾರ್ವಜನಿಕ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಅಲ್ಲಿ ಪ್ರತಿ ಡಿಸೆಂಬರಿನಲ್ಲಿ ಶಿಕ್ಷಕರ ಕೊಠಡಿಯಲ್ಲೂ ಅಂಗಡಿಯ ಸಾಲಿನಲ್ಲೂ ಒಂದು ಪ್ರಶ್ನೆ ಏಳುತ್ತದೆ: ಇಷ್ಟು ಗೆದ್ದಿರುವ ನಮ್ಮ ಫುಟ್‌ಬಾಲ್ ಕೋಚ್ ಇನ್ನು ಕಾಲೇಜಿಗೆ ಹೋಗಬೇಕಲ್ಲವೆ? ಕೇಳುವವರ ದನಿಯಲ್ಲಿ ಹೆಮ್ಮೆಯೂ ಇರುತ್ತದೆ, ಅವರು ಹೋಗಿಬಿಟ್ಟರೆ ಎಂಬ ಅಳುಕೂ ಇರುತ್ತದೆ. ಆ ಪ್ರಶ್ನೆಯನ್ನೇ ಇಂದು ಎತ್ತಿಕೊಂಡಿದ್ದೇನೆ.

ಈ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡವುವ ಆಟ. ತಂಡಕ್ಕೆ ಹನ್ನೊಂದು ಜನ, ನೂರು ಗಜದ ಅಂಕಣ. ಪ್ರತಿ ಸಲ ಚೆಂಡು ಕದಲುವ ಮುನ್ನ ಯಾರು ಎತ್ತ ಓಡಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಆ ವ್ಯೂಹಗಳನ್ನು ಹೆಣೆಯುವವರು ಕೋಚ್. ಹಾಗಾಗಿ ಕ್ರಿಕೆಟ್ಟಿನಲ್ಲಿ ನಾಯಕನ ಪಾಲಿಗೆ ಬರುವ ಹೊಗಳಿಕೆ, ಬೈಗುಳ ಎರಡೂ ಅಲ್ಲಿ ಕೋಚ್ ಪಾಲಿಗೆ ಬರುತ್ತವೆ. ದೇಶದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಹೈಸ್ಕೂಲ್ ಹುಡುಗರು ಇದನ್ನು ಆಡುತ್ತಾರೆ. ಟೆಕ್ಸಸ್‌ನಲ್ಲಿ ಶುಕ್ರವಾರದ ರಾತ್ರಿ ಹೈಸ್ಕೂಲಿನದು, ಶನಿವಾರ ಕಾಲೇಜಿನದು, ಭಾನುವಾರ ವೃತ್ತಿಪರರದು. ಅಲೆನ್ ಎಂಬ ಊರಿನವರು ತಮ್ಮ ಹೈಸ್ಕೂಲಿಗಾಗಿ 2012ರಲ್ಲಿ ಕಟ್ಟಿಸಿದ ಸ್ಟೇಡಿಯಂನಲ್ಲಿ 18,000 ಜನ ಕೂರಬಹುದು. ಖರ್ಚು ಸುಮಾರು 6 ಕೋಟಿ ಡಾಲರ್, ಅದೂ ಊರಿನವರೇ ಮತ ಹಾಕಿ ಒಪ್ಪಿಕೊಂಡ ಸಾಲದ ಹಣ. ಅಲೆನ್, ಪ್ಲೇನೋ, ಫ್ರಿಸ್ಕೋ ಊರುಗಳಲ್ಲಿ ಕನ್ನಡದ ಮನೆಗಳು ಈಗ ಬೇಕಾದಷ್ಟಿವೆ. ನಮ್ಮ ಮಕ್ಕಳು ಹೆಚ್ಚಾಗಿ ಆ ರಾತ್ರಿಗಳಲ್ಲಿ ಬ್ಯಾಂಡ್‌ನಲ್ಲಿ ತುತ್ತೂರಿ ಊದುತ್ತಾರೆ, ತಂದೆತಾಯಂದಿರು ಆಟದ ನಿಯಮ ತಿಳಿಯದೆಯೂ ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ತಟ್ಟುತ್ತಾರೆ.

ಇಷ್ಟು ದೊಡ್ಡ ಸ್ಟೇಡಿಯಂನ ನಡುವೆ ನಿಂತಿರುವ ವ್ಯಕ್ತಿ ಒಬ್ಬ ಶಾಲಾ ನೌಕರ ಎಂಬುದನ್ನು ಹೊರಗಿನವರು ಮರೆಯುತ್ತಾರೆ. ಟೆಕ್ಸಸ್‌ನ ಸಾರ್ವಜನಿಕ ಶಾಲೆಗಳಲ್ಲಿ ಕೋಚ್ ಆಗುವವರು ಆ ಶಾಲಾ ಜಿಲ್ಲೆಯ ಪೂರ್ಣಾವಧಿ ನೌಕರರಾಗಿರಬೇಕು. ಸಹಾಯಕ ಕೋಚ್‌ಗಳು ಹಗಲಿನಲ್ಲಿ ಇತಿಹಾಸವನ್ನೋ ಆರೋಗ್ಯಶಿಕ್ಷಣವನ್ನೋ ಪಾಠ ಮಾಡುತ್ತಾರೆ. ದೊಡ್ಡ ಶಾಲೆಯ ಮುಖ್ಯ ಕೋಚ್‌ಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟುವ ಸಂಬಳವಿದೆ, ನಿಜ. ಅದೇ ಕಾಲೇಜು ಫುಟ್‌ಬಾಲಿನ ತುದಿಯಲ್ಲಿರುವ ಜಾರ್ಜಿಯಾ ವಿಶ್ವವಿದ್ಯಾಲಯದ ಕರ್ಬಿ ಸ್ಮಾರ್ಟ್ ಅವರಿಗೆ 2024ರಲ್ಲಿ ನಿಗದಿಯಾದ ಸಂಬಳ ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಡಾಲರ್. ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದವರಿಗೆ ಹೈಸ್ಕೂಲು ಕೆಳಗಿನ ಮೆಟ್ಟಿಲು, ಕಾಲೇಜು ಮೇಲಿನ ಮೆಟ್ಟಿಲು ಎಂದು ತೋರುವುದು ಸಹಜ. ನನಗೆ ಹಾಗೆ ತೋರುವುದಿಲ್ಲ. ಇವು ಬೇರೆ ಬೇರೆ ಕಸುಬುಗಳು. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ತಾನಾಗಿಯೇ ಪಳಗಿರುವುದಿಲ್ಲ.

ಜೆರಿ ಫೌಸ್ಟ್ ಅವರ ಕಥೆ ಇದಕ್ಕೆ ಎಲ್ಲರೂ ಎತ್ತುವ ಉದಾಹರಣೆ. ಎಲ್ಲರೂ ಎತ್ತಿದರೂ ಅದನ್ನು ಸರಿಯಾಗಿ ಓದುವವರು ಕಡಿಮೆ ಎನ್ನುವುದು ನನ್ನ ಭಾವನೆ. ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಮೋಲರ್ ಎಂಬ ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆಯಿದೆ. ಅಲ್ಲಿನ ತಂಡವನ್ನು ಏನೂ ಇಲ್ಲದ ಕಡೆಯಿಂದ ಕಟ್ಟಿದವರು ಫೌಸ್ಟ್. 1963ರಿಂದ 1980ರವರೆಗಿನ ಹದಿನೆಂಟು ಋತುಗಳಲ್ಲಿ 170ಕ್ಕೂ ಹೆಚ್ಚು ಗೆಲುವು, ಏಳು ಋತುಗಳಲ್ಲಿ ಸೋಲೇ ಇಲ್ಲ, ಐದು ಸಲ ರಾಜ್ಯ ಪ್ರಶಸ್ತಿ. ಚಿಕ್ಕಂದಿನಿಂದ ಅವರ ಮನಸ್ಸೆಲ್ಲ ನೋಟರ್ ಡೇಮ್ ವಿಶ್ವವಿದ್ಯಾಲಯದ ಮೇಲೆ. ಕ್ಯಾಥೊಲಿಕ್ಕರಿಗೆ ಅದು ಪುಣ್ಯಕ್ಷೇತ್ರವೂ ಹೌದು, ಫುಟ್‌ಬಾಲಿನ ದೊಡ್ಡ ಮನೆಯೂ ಹೌದು. 1980ರ ನವೆಂಬರಿನಲ್ಲಿ ಆ ವಿಶ್ವವಿದ್ಯಾಲಯ, ಕಾಲೇಜು ಮಟ್ಟದಲ್ಲಿ ಒಂದು ದಿನವೂ ಕೋಚ್ ಆಗಿರದ ಫೌಸ್ಟ್ ಅವರನ್ನು ನೇರವಾಗಿ ಮುಖ್ಯ ಕೋಚ್ ಹುದ್ದೆಗೆ ಕರೆಯಿತು. ದೇಶವೇ ಬೆರಗಾಯಿತು. ಅವರಿಗಾಗಲೇ ನಲವತ್ತೈದು ವರ್ಷ.

1981ರ ಸೆಪ್ಟೆಂಬರಿನ ಮೊದಲ ಪಂದ್ಯದಲ್ಲಿ ಲೂಯಿಸಿಯಾನ ಸ್ಟೇಟ್ ವಿರುದ್ಧ 27-9ರ ಗೆಲುವು ಬಂತು. ಮರುವಾರ ನೋಟರ್ ಡೇಮ್ ದೇಶದ ಒಂದನೇ ಸ್ಥಾನಕ್ಕೇರಿತು. ಅದೇ ವಾರದ ಕೊನೆಗೆ ಮಿಷಿಗನ್ ಎದುರು 25-7ರ ಸೋಲು. ಆ ಋತು ಐದು ಗೆಲುವು, ಆರು ಸೋಲಿನಲ್ಲಿ ಮುಗಿಯಿತು. ಮೋಲರ್‌ನಲ್ಲಿ ಅವರ ಕೈಯಲ್ಲೇ ಬೆಳೆದ ಬಾಬ್ ಕ್ರೇಬಲ್ ಆ ವರ್ಷ ನೋಟರ್ ಡೇಮ್ ತಂಡದ ನಾಯಕರಲ್ಲೊಬ್ಬ, ಅಂದರೆ ಕೋಚ್‌ಗೆ ತಂಡ ತೀರಾ ಅಪರಿಚಿತವೂ ಆಗಿರಲಿಲ್ಲ. ಮುಂದೆ ಏರ್ ಫೋರ್ಸ್ ಅಕಾಡೆಮಿಗೆ ಸಾಲಾಗಿ ನಾಲ್ಕು ವರ್ಷ ಸೋತರು. 1985ರ ಕೊನೆಯ ಪಂದ್ಯದಲ್ಲಿ ಮಯಾಮಿ 58-7ರಿಂದ ಸೋಲಿಸಿತು. ಅಷ್ಟರಲ್ಲಿ ಫೌಸ್ಟ್ ರಾಜೀನಾಮೆ ಕೊಟ್ಟಾಗಿತ್ತು. ಐದು ವರ್ಷದ ಲೆಕ್ಕ 30 ಗೆಲುವು, 26 ಸೋಲು, ಒಂದು ಸಮ.

ಇದನ್ನು ಕೇಳಿದವರು "ಹೈಸ್ಕೂಲಿನವರಿಗೆ ಅಷ್ಟು ದೊಡ್ಡ ಕೆಲಸ ಆಗುವುದಿಲ್ಲ" ಎಂದು ಮುಗಿಸಿಬಿಡುತ್ತಾರೆ. ನನಗೆ ಅದು ಅನ್ಯಾಯವಾಗಿ ಕಾಣುತ್ತದೆ. ಫೌಸ್ಟ್ ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ, ದುಡಿಮೆಯಂತೂ ಕಡಿಮೆಯಿರಲೇ ಇಲ್ಲ. ಮೋಲರ್‌ನಲ್ಲಿ ಅವರ ಹುಡುಗರು ಎದುರಾಳಿಗಳಿಗಿಂತ ಹೆಚ್ಚು ದುಡಿಯುತ್ತಿದ್ದರು, ಹೆಚ್ಚು ಜನರಿರುತ್ತಿದ್ದರು, ಕೋಚ್ ಮಾತಿಗೆ ಪ್ರಾಣ ಕೊಡುತ್ತಿದ್ದರು. ನಗರದ ಬೇರೆ ಬೇರೆ ಚರ್ಚ್ ಶಾಲೆಗಳಿಂದ ಹುಡುಗರು ಅಲ್ಲಿಗೆ ಹರಿದು ಬರುತ್ತಿದ್ದರು. ಕಾಲೇಜಿನಲ್ಲಿ ಎದುರಿನ ತಂಡದ ಹುಡುಗರೂ ಅಷ್ಟೇ ಬಲಿಷ್ಠರು, ಎದುರಿನ ಕೋಚ್ ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿರುವವರು. ಆ ಕಸುಬಿನ ಒಳಗುಟ್ಟು ಕಲಿಯಲು ಫೌಸ್ಟ್ ಅವರಿಗೆ ಯಾರ ಕೈಕೆಳಗೂ ಒಂದು ವರ್ಷ ಸಿಗಲಿಲ್ಲ. ಕಲಿಯಬೇಕಾದದ್ದನ್ನೆಲ್ಲ ಟೆಲಿವಿಷನ್ ಕ್ಯಾಮೆರಾಗಳ ಮುಂದೆ ಕಲಿಯಬೇಕಾಯಿತು. ಆದರೂ ಆ ಮನುಷ್ಯನಲ್ಲಿ ಕಹಿ ಉಳಿಯಲಿಲ್ಲ. ನೋಟರ್ ಡೇಮ್‌ನಲ್ಲಿ ತಾನು ದುಃಖಪಟ್ಟದ್ದು ಇಪ್ಪತ್ತಾರೇ ದಿನ, ಸೋತ ಆ ಇಪ್ಪತ್ತಾರು ದಿನ ಎಂದು ಆಮೇಲೆ ಹೇಳಿಕೊಳ್ಳುತ್ತಿದ್ದರು. 2024ರಲ್ಲಿ ತೀರಿಕೊಂಡರು. ಅವರ ಬಗ್ಗೆ ನನಗಿರುವುದು ಗೌರವ.

ಕಸುಬು ಬೇರೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾರ್ವಜನಿಕ ಹೈಸ್ಕೂಲಿನ ಕೋಚ್ ತನ್ನ ಪಾಲಿಗೆ ಬಂದ ಹೊಲವನ್ನೇ ಉಳುವ ರೈತ. ಶಾಲೆಯ ಗಡಿಯೊಳಗೆ ವಾಸವಿರುವ ಮಕ್ಕಳೇ ಅವರ ತಂಡ. ಈ ವರ್ಷ ಎತ್ತರದ ಹುಡುಗರಿಲ್ಲವೆ? ಗಿಡ್ಡ ಹುಡುಗರಿಗೆ ಒಗ್ಗುವ ವ್ಯೂಹ ಹೆಣೆಯಬೇಕು. ಚೆಂಡು ಎಸೆಯುವ ಕೈಯಿಲ್ಲವೆ? ಓಡುವ ಕಾಲುಗಳನ್ನು ನಂಬಬೇಕು. ಟೆಕ್ಸಸ್‌ನ ಹಲವು ಊರುಗಳಲ್ಲಿ ಏಳನೇ ತರಗತಿಯ ಹುಡುಗರು ಆಡುವ ವ್ಯೂಹಗಳಿಗೂ ಹೈಸ್ಕೂಲ್ ತಂಡದ ವ್ಯೂಹಗಳಿಗೂ ಒಂದೇ ಹೆಸರು, ಒಂದೇ ಕೈಸನ್ನೆ. ಹೀಗೆ ಒಬ್ಬ ಹುಡುಗ ಹನ್ನೆರಡರಿಂದ ಹದಿನೆಂಟರವರೆಗೆ ಒಂದೇ ಪದ್ಧತಿಯಲ್ಲಿ ಬೆಳೆಯುತ್ತಾನೆ. ಆರು ವರ್ಷ! ಶಿಕ್ಷಕರಾದವರಿಗೆ ಆರು ವರ್ಷ ಒಂದು ಮಗು ಸಿಗುವುದೆಂದರೆ ಏನೆಂದು ಈ ಸಭೆಯಲ್ಲಿರುವ ಮೇಷ್ಟ್ರುಗಳಿಗೆ ನಾನು ಹೇಳಬೇಕಿಲ್ಲ.

ಕಾಲೇಜಿನ ಕೋಚ್‌ಗೆ ಮೊದಲ ಕೆಲಸ ಹುಡುಕುವುದು, ಒಲಿಸುವುದು, ಆರಿಸುವುದು. ಡಿಸೆಂಬರ್, ಜನವರಿಯಲ್ಲಿ ಅವರು ಊರಿಂದೂರಿಗೆ ವಿಮಾನದಲ್ಲಿ ಹಾರುತ್ತ, ಯಾರದೋ ಮನೆಯ ಸೋಫಾದ ಮೇಲೆ ಕುಳಿತು, ಹದಿನೇಳು ವರ್ಷದ ಹುಡುಗನ ತಾಯಿಗೆ "ನಿಮ್ಮ ಮಗನನ್ನು ನನ್ನ ಕೈಗೆ ಕೊಡಿ" ಎಂದು ಕೇಳಬೇಕು. ಹಾಗೆ ನೂರು ಮನೆ ಹೊಕ್ಕರೆ ಇಪ್ಪತ್ತು ಕಡೆ ಒಪ್ಪಿಗೆ ಸಿಕ್ಕರೆ ಪುಣ್ಯ. ಬೇಸಿಗೆಯಲ್ಲೂ ಫೋನ್ ಕೆಳಗಿಡುವಂತಿಲ್ಲ. ಈ ಕೆಲಸವನ್ನು ಮನಸಾರೆ ಪ್ರೀತಿಸುವವರಿದ್ದಾರೆ, ಅದು ತಪ್ಪೂ ಅಲ್ಲ. ಅಪರಿಚಿತರ ವಿಶ್ವಾಸ ಗಳಿಸುವುದು ದೊಡ್ಡ ವಿದ್ಯೆ. ಇದ್ದ ಹುಡುಗನನ್ನು ತಿದ್ದುವುದರಲ್ಲೇ ಸುಖ ಕಂಡವರಿಗೆ ಮಾತ್ರ ಅದು ದಿನವೂ ಹತ್ತುವ ಗುಡ್ಡವಾಗುತ್ತದೆ.

ಇದ್ದ ಹುಡುಗನನ್ನು ತಿದ್ದುವುದೆಂದರೇನೆಂದು ನಾನು ಹತ್ತಿರದಿಂದ ಕಂಡದ್ದಿದೆ. ಟೆಕ್ಸಸ್‌ನಲ್ಲಿ 1984ರಿಂದ ಒಂದು ಕಾನೂನಿದೆ: ಯಾವುದೇ ವಿಷಯದಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದ ವಿದ್ಯಾರ್ಥಿ ನಿಗದಿತ ವಾರಗಳ ಕಾಲ ಆಡುವಂತಿಲ್ಲ. ಪಾಸಾಗದಿದ್ದರೆ ಆಟವಿಲ್ಲ. ನನ್ನ ಬೀಜಗಣಿತದ ತರಗತಿಯಲ್ಲಿ ಒಬ್ಬ ಹುಡುಗನಿಗೆ 68 ಬಂದಿತ್ತು. ಮುಂದಿನ ಸೀಟಿನಲ್ಲಿ ಮೊಣಕಾಲು ಹಿಡಿಸದಷ್ಟು ಎತ್ತರದ, ಸಾಲಿನ ಮಧ್ಯದಲ್ಲಿ ನಿಂತು ಎದುರಾಳಿಯನ್ನು ತಡೆಯುವ ಹುಡುಗ. ಸೋಮವಾರ ಸಹಾಯಕ ಕೋಚ್ ಒಬ್ಬರು ಹಾಳೆ ಹಿಡಿದು ಬಂದರು. ಎರಡು ಅಂಕ ಸೇರಿಸಿ ಎಂದು ಕೇಳುತ್ತಾರೇನೋ ಎಂದು ನಾನು ಗಟ್ಟಿಯಾಗಿ ಕೂತಿದ್ದೆ. ಅವರು ಕೇಳಿದ್ದು ಬೇರೆ: "ಅವನಿಗೆ ಯಾವುದು ತಿಳಿಯುತ್ತಿಲ್ಲ?" ಲಾಗರಿದಮ್ ಎಂದೆ. ಮರುದಿನದಿಂದ ಬೆಳಿಗ್ಗೆ ಏಳಕ್ಕೆ, ಶಾಲೆ ತೆರೆಯುವ ಮುನ್ನ, ಹುಡುಗ ನನ್ನ ಕೊಠಡಿಯಲ್ಲಿ. ಹಿಂದಿನ ಬೆಂಚಿನಲ್ಲಿ ಕೋಚ್, ತಮ್ಮ ಇತಿಹಾಸದ ತರಗತಿಯ ಉತ್ತರಪತ್ರಿಕೆ ತಿದ್ದುತ್ತ. ಅವರು ಒಂದು ಮಾತೂ ಆಡುತ್ತಿರಲಿಲ್ಲ. ಇದ್ದರು, ಅಷ್ಟೆ. ಆ ಹುಡುಗ ಕಾಲೇಜಿನಲ್ಲಿ ಫುಟ್‌ಬಾಲ್ ಆಡಲಿಲ್ಲ, ಆಡುವಷ್ಟು ವೇಗ ಅವನಿಗಿರಲಿಲ್ಲ. ಅವನನ್ನು ಆರಿಸುವ ಕಾಲೇಜು ಕೋಚ್ ಇರಲಿಲ್ಲ. ಹೈಸ್ಕೂಲ್ ಕೋಚ್ ಮಾತ್ರ ಅವನನ್ನು ಬಿಟ್ಟು ಕೊಡಲಿಲ್ಲ.

ಫೌಸ್ಟ್ ಅವರಂತೆ ನೇರವಾಗಿ ಕಾಲೇಜಿಗೆ ಹೋದ ಇನ್ನೊಬ್ಬರು ಟಾಡ್ ಡಾಜ್. ಡಲ್ಲಾಸ್ ಪಕ್ಕದ ಸೌತ್‌ಲೇಕ್ ಕ್ಯಾರಲ್ ಶಾಲೆಯಲ್ಲಿ 2002ರಿಂದ 2006ರವರೆಗೆ ಅವರ ತಂಡ 79 ಪಂದ್ಯ ಗೆದ್ದು ಒಂದೇ ಒಂದು ಸೋತಿತು. ಸೋತದ್ದು 2003ರ ರಾಜ್ಯ ಫೈನಲ್, ಅದೂ ಒಂದೇ ಅಂಕದಿಂದ. ಉಳಿದ ನಾಲ್ಕು ವರ್ಷ ಪ್ರಶಸ್ತಿ ಅವರದೇ. ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ ಅವರನ್ನು ನೇರವಾಗಿ ಮುಖ್ಯ ಕೋಚ್ ಮಾಡಿಕೊಂಡಿತು. 2007ರಲ್ಲಿ ಅವರ ಮೊದಲ ಪಂದ್ಯ ಒಕ್ಲಹೋಮ ವಿರುದ್ಧ, ಸೋಲು 79-10. ಮೂರೂವರೆ ಋತುವಿನಲ್ಲಿ ಆರು ಗೆಲುವು, 37 ಸೋಲು. 2010ರ ಋತುವಿನ ಮಧ್ಯದಲ್ಲೇ ಅವರನ್ನು ತೆಗೆದುಹಾಕಿದರು. ಫೌಸ್ಟ್ ಅವರಿಗೆ ಸಿಕ್ಕಿದ್ದು ದೇಶದ ಶ್ರೀಮಂತ ತಂಡಗಳಲ್ಲೊಂದು, ಡಾಜ್ ಅವರಿಗೆ ಸಿಕ್ಕಿದ್ದು ದೊಡ್ಡ ತಂಡಗಳು ಬಿಟ್ಟ ಆಟಗಾರರನ್ನು ನೆಚ್ಚಿಕೊಂಡ ತಂಡ. ಹೈಸ್ಕೂಲ್ ಕೋಚ್‌ಗಳಿಗೆ ನೇರವಾಗಿ ಕಾಲೇಜಿನ ಮುಖ್ಯ ಹುದ್ದೆ ಸಿಗುವುದೇ ಅಪರೂಪ. ಸಿಕ್ಕಿದಾಗಲೂ ಅದು ಹೆಚ್ಚಾಗಿ ಬೇರೆಯವರು ಒಲ್ಲದ ಹುದ್ದೆಯಾಗಿರುತ್ತದೆ ಎಂಬುದನ್ನು ಕರೆ ಬಂದ ಸಂಭ್ರಮದಲ್ಲಿ ಯಾರೂ ಯೋಚಿಸುವುದಿಲ್ಲ.

ಡಾಜ್ ಹೈಸ್ಕೂಲಿಗೆ ಮರಳಿದರು. ಆಸ್ಟಿನ್‌ನ ವೆಸ್ಟ್‌ಲೇಕ್ ಶಾಲೆಯಲ್ಲಿ 2019, 2020, 2021ರಲ್ಲಿ ಸಾಲಾಗಿ ಮೂರು ರಾಜ್ಯ ಪ್ರಶಸ್ತಿ. ನಡುವಿನದು ನಡೆದದ್ದು, ಕೋವಿಡ್‌ನಿಂದ ತಡವಾಗಿ, 2021ರ ಜನವರಿಯಲ್ಲಿ. ಆ ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಅವರ ಹಳೆಯ ಸೌತ್‌ಲೇಕ್ ಕ್ಯಾರಲ್ ಶಾಲೆ, ಆ ತಂಡದ ಕೋಚ್ ಅವರ ಮಗ ರೈಲಿ ಡಾಜ್. ಅಪ್ಪನ ತಂಡ 52-34ರಿಂದ ಗೆದ್ದಿತು. 37 ಸಲ ಸೋತದ್ದೂ ಈ ಮನುಷ್ಯನೇ, ಈ ಮೂರು ಪ್ರಶಸ್ತಿ ಗೆದ್ದದ್ದೂ ಈ ಮನುಷ್ಯನೇ. ವಿದ್ಯೆ ಎಲ್ಲೂ ಹೋಗಿರಲಿಲ್ಲ. ಮರಳಿದ್ದನ್ನು ಹಿಂಬಡ್ತಿ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಹಾಗಾದರೆ ಹೋಗಿ ಗೆದ್ದವರೇ ಇಲ್ಲವೆ? ಇದ್ದಾರೆ. ಒಹಾಯೊದ ಮಸಿಲನ್ ಹೈಸ್ಕೂಲಿನಿಂದ 1941ರಲ್ಲಿ ನೇರವಾಗಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ ಪಾಲ್ ಬ್ರೌನ್, ಮರುವರ್ಷವೇ ಅದನ್ನು ರಾಷ್ಟ್ರ ಚಾಂಪಿಯನ್ ಮಾಡಿದರು. ಆಮೇಲೆ ವೃತ್ತಿಪರ ಫುಟ್‌ಬಾಲಿನ ಇತಿಹಾಸವನ್ನೇ ತಿರುಗಿಸಿದರು. ಆದರೆ ಅಂಥವರು ಶತಮಾನಕ್ಕೊಬ್ಬರು, ಅವರನ್ನು ನೋಡಿ ಯಾರೂ ಹೆಜ್ಜೆ ಇಡಬಾರದು. ನನ್ನ ಕಣ್ಣಿಗೆ ಸರಿಯಾದ ದಾರಿ ತೋರಿಸಿದವರು ಜೆಫ್ ಟ್ರೇಲರ್. ಪೂರ್ವ ಟೆಕ್ಸಸ್‌ನ ಗಿಲ್ಮರ್ ಎಂಬ ಪುಟ್ಟ ಊರಿನಲ್ಲಿ ಹದಿನೈದು ವರ್ಷ ಕೋಚ್ ಆಗಿದ್ದು ಮೂರು ಸಲ ರಾಜ್ಯ ಪ್ರಶಸ್ತಿ ಗೆದ್ದವರು. ಅಲ್ಲಿನ ಸ್ಟೇಡಿಯಂಗೆ ಅವರ ಹೆಸರೇ ಇದೆ. 2015ರಲ್ಲಿ ಅದನ್ನೆಲ್ಲ ಬಿಟ್ಟು ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಸಹಾಯಕರಾಗಿ ಸೇರಿದರು. ಬೇರೆಯವರ ಮಾತಿಗೆ ತಲೆಯಾಡಿಸುತ್ತ, ಸದರ್ನ್ ಮೆಥಡಿಸ್ಟ್, ಅರ್ಕನ್ಸಾ ಎಂದು ತಂಡ ಬದಲಿಸುತ್ತ ಐದು ಋತು ದುಡಿದರು. 2020ರಲ್ಲಿ ಸ್ಯಾನ್ ಆಂಟೋನಿಯೊದ ಟೆಕ್ಸಸ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ, ಮರುವರ್ಷವೇ 12 ಪಂದ್ಯ ಗೆದ್ದರು. ಹೆಸರು ಮಾಡಿದ ಮೇಲೆ ಐದು ವರ್ಷ ಕೈಕೆಳಗೆ ಕೆಲಸ ಮಾಡಲು ಮನಸ್ಸು ಗಟ್ಟಿಯಿರಬೇಕು. ಅವರ ಸಾಧನೆಯಲ್ಲಿ ನನಗೆ ಇದೇ ಎಲ್ಲಕ್ಕಿಂತ ಹಿರಿದು.

ಗಸ್ ಮಾಲ್ಜಾನ್ ಅವರದು ಇನ್ನೊಂದು ಬಗೆ. ಅರ್ಕನ್ಸಾದ ಹೈಸ್ಕೂಲುಗಳಲ್ಲಿದ್ದಾಗ ಉಸಿರಾಡಲು ಬಿಡದ ವೇಗದ ಆಟವನ್ನು ರೂಪಿಸಿದವರು ಅವರು. ಅದನ್ನು ಹೊತ್ತು 2006ರಲ್ಲಿ ಕಾಲೇಜಿಗೆ ಹೋದರು. ಸಹಾಯಕರಾಗಿ ಹಲವು ಕಡೆ ದುಡಿದು, 2013ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ ರಾಷ್ಟ್ರ ಪ್ರಶಸ್ತಿಯ ಪಂದ್ಯದವರೆಗೆ ತಂಡವನ್ನು ಒಯ್ದರು. 2020ರಲ್ಲಿ ಅದೇ ವಿಶ್ವವಿದ್ಯಾಲಯ ಒಪ್ಪಂದದ ಬಾಕಿ ಸುಮಾರು 2 ಕೋಟಿ 10 ಲಕ್ಷ ಡಾಲರ್ ತೆತ್ತು ಅವರನ್ನು ಕಳಿಸಿತು. ಕಾಲೇಜಿನಲ್ಲಿ ಸೋತವರಿಗೂ ಇಷ್ಟು ಹಣ ಸಿಗುತ್ತದಲ್ಲ ಎನ್ನಬಹುದು. ಮುಖ್ಯ ಕೋಚ್‌ಗೆ ಸಿಗುತ್ತದೆ. ಅವರ ಜೊತೆಗೆ ಕೆಲಸ ಕಳೆದುಕೊಳ್ಳುವ ಸಹಾಯಕರು ಮನೆ ಮಾರಿ, ಮಕ್ಕಳನ್ನು ವರ್ಷದ ನಡುವೆ ಶಾಲೆ ಬಿಡಿಸಿ, ಇನ್ನೊಂದು ರಾಜ್ಯಕ್ಕೆ ಹೊರಡುತ್ತಾರೆ. ಜನವರಿಯಲ್ಲಿ ನನ್ನ ತರಗತಿಗೆ ಹೊಸದಾಗಿ ಬಂದು ಕೂರುತ್ತಿದ್ದ ಅಂಥ ಮಕ್ಕಳು ಯಾರ ಜೊತೆಯೂ ಬೇಗ ಸ್ನೇಹ ಮಾಡಿಕೊಳ್ಳುತ್ತಿರಲಿಲ್ಲ. ಮತ್ತೆ ಹೋಗಬೇಕಾಗುತ್ತದೆಂದು ಅವರಿಗೆ ಗೊತ್ತಿತ್ತು.

ಈಚೆಗೆ ಕಾಲೇಜು ಫುಟ್‌ಬಾಲೇ ಬದಲಾಗಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. ಒಂದು ವರ್ಷ ಹೊರಗೆ ಕೂರದೆ ತಂಡ ಬದಲಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ಪ್ರಕಾರ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ವರ್ಷಕ್ಕೆ 2 ಕೋಟಿ ಡಾಲರ್‌ಗೂ ಹೆಚ್ಚು ನೇರವಾಗಿ ಹಂಚಬಹುದು. ಆಟಗಾರರಿಗೆ ಇದು ನ್ಯಾಯವಾದದ್ದೇ, ಅವರ ಬೆವರಿನಿಂದ ಎಲ್ಲರೂ ಗಳಿಸುತ್ತಿದ್ದ ಕಾಲ ಬಹಳ ದಿನ ನಡೆಯಿತು. ಆದರೆ ಬೆಳೆಸುವ ಕೋಚ್‌ಗೆ ಸಮಯ ಇನ್ನೂ ಕಿರಿದಾಯಿತು. ಮೊದಲ ವರ್ಷ ತಿದ್ದಿದ ಹುಡುಗ ಎರಡನೇ ವರ್ಷ ಬೇರೆ ತಂಡದಲ್ಲಿ ಇರಬಹುದು. ಆರು ವರ್ಷದ ಲೆಕ್ಕದಲ್ಲಿ ಯೋಚಿಸಲು ಕಲಿತವರು ಹನ್ನೆರಡು ತಿಂಗಳ ಲೆಕ್ಕಕ್ಕೆ ಒಗ್ಗಿಕೊಳ್ಳಬೇಕು.

ಹೋಗದೆ ಉಳಿದವರ ಹೆಸರು ನಮ್ಮಲ್ಲಿ ಕೇಳಿಬರುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್‌ನ ಡಿ ಲಾ ಸಾಲ್ ಶಾಲೆಯಲ್ಲಿ ಬಾಬ್ ಲಡೂಸರ್ 1979ರಲ್ಲಿ ಕೋಚ್ ಆದಾಗ ಆ ಶಾಲೆ ಒಂದೂ ಒಳ್ಳೆಯ ಋತು ಕಂಡಿರಲಿಲ್ಲ. ಅವರು ಧರ್ಮಶಿಕ್ಷಣದ ಪಾಠವನ್ನೂ ಮಾಡುತ್ತಿದ್ದರು. 1992ರಿಂದ 2004ರವರೆಗೆ ಅವರ ತಂಡ ಸಾಲಾಗಿ 151 ಪಂದ್ಯ ಗೆದ್ದಿತು. ನಿವೃತ್ತಿಯ ಹೊತ್ತಿಗೆ 399 ಗೆಲುವು, 25 ಸೋಲು. ಸೌತ್ ಕ್ಯಾರೊಲಿನಾದ ಸಮರ್‌ವಿಲ್‌ನಲ್ಲಿ ಜಾನ್ ಮೆಕಿಸಿಕ್ 1952ರಿಂದ 2014ರವರೆಗೆ ಒಂದೇ ಶಾಲೆಯಲ್ಲಿದ್ದು 621 ಪಂದ್ಯ ಗೆದ್ದರು. ಅಜ್ಜ, ಅಪ್ಪ, ಮೊಮ್ಮಗ ಮೂವರಿಗೂ ಒಬ್ಬರೇ ಮೇಷ್ಟ್ರಾಗುವಷ್ಟು ದೀರ್ಘ ಕಾಲ ಅದು.

ನಮ್ಮ ರಾಹುಲ್ ದ್ರಾವಿಡ್ ಹತ್ತೊಂಬತ್ತರೊಳಗಿನವರ ತಂಡದಿಂದ ಭಾರತ ತಂಡಕ್ಕೆ ಕೋಚ್ ಆಗಿ ಹೋದದ್ದನ್ನು ಈ ಸಭೆಯಲ್ಲಿ ಯಾರಾದರೂ ನೆನಪಿಸಬಹುದು. ಅವರು ದೊಡ್ಡ ಆಟದಿಂದಲೇ ಕಿರಿಯರ ಬಳಿಗೆ ಇಳಿದು ಬಂದವರು, ಹಾಗಾಗಿ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೂ ಒಬ್ಬ ಹುಡುಗ ಕಿರಿಯರ ವಿಶ್ವಕಪ್ಪನ್ನು ಒಂದೇ ಸಲ ಆಡಲಿ, ಉಳಿದವರಿಗೂ ಅವಕಾಶ ಸಿಗಲಿ ಎಂದು ಅವರು ಹಟ ಹಿಡಿದರಲ್ಲ, ಅದು ಅಪ್ಪಟ ಶಾಲಾ ಮೇಷ್ಟ್ರ ಬುದ್ಧಿ.

ಕೋಚ್‌ಗಳೇ ನನ್ನ ಅಭಿಪ್ರಾಯ ಕೇಳಿದ್ದುಂಟು. ಆರಿಸುವ ಕೆಲಸ ನಿಮಗೆ ಇಷ್ಟವೆ ಎಂದು ಮೊದಲು ಕೇಳುತ್ತಿದ್ದೆ. ಹೌದೆಂದರೆ, ಮುಖ್ಯ ಕೋಚ್ ಆಗಿ ಬೇಡ, ಸಹಾಯಕರಾಗಿ ಹೋಗಿ, ಮನೆಯವರನ್ನು ಕೇಳಿ ಹೋಗಿ ಎನ್ನುತ್ತಿದ್ದೆ. ಸಂಬಳಕ್ಕಾಗಿಯೇ ಹೋಗುತ್ತೇನೆ ಎಂದವರನ್ನೂ ನಾನು ಬೈದಿಲ್ಲ, ಕಾಲೇಜು ಓದುವ ಮಕ್ಕಳಿರುವ ಮೇಷ್ಟ್ರಿಗೆ ಅದು ಸಣ್ಣ ಕಾರಣವಲ್ಲ. ಉಳಿಯುತ್ತೇನೆ ಎಂದವರಿಗೆ ಶಾಲಾ ಮಂಡಳಿ ಏನು ಮಾಡಬೇಕು ಎಂಬುದರ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಆರು ಕೋಟಿ ಡಾಲರ್‌ನ ಸ್ಟೇಡಿಯಂ ಕಟ್ಟಬಲ್ಲ ಊರು ಬೆಳಿಗ್ಗೆ ಏಳಕ್ಕೆ ಹಿಂದಿನ ಬೆಂಚಿನಲ್ಲಿ ಕೂರುವ ಸಹಾಯಕ ಕೋಚ್‌ಗೆ ಇನ್ನಷ್ಟು ಸಂಬಳ ಕೊಡಬಲ್ಲದು, ಅವರ ಪಾಠದ ಹೊರೆಯನ್ನು ಸ್ವಲ್ಪ ಇಳಿಸಬಲ್ಲದು.

ಹೋಗುವುದೇ ಆದರೆ ಹೇಗೆ ಹೋಗಬೇಕೆಂಬುದೂ ಇದೆ. ಸಹಿ ಹಾಕುವ ಮುನ್ನ ಹುಡುಗರಿಗೆ ಬಾಯಾರೆ ತಿಳಿಸಬೇಕು. ಕೋಚ್ ಹೋಗುತ್ತಾರೆಂಬ ಸುದ್ದಿಯನ್ನು ಹದಿನಾರು ವರ್ಷದ ಹುಡುಗ ಫೋನಿನ ಪರದೆಯಲ್ಲಿ ಓದಿ ತಿಳಿಯಬಾರದು. ಕೊನೆಯ ವರ್ಷದ ಹುಡುಗರಿಗಾಗಿ ಬರೆಯಬೇಕಾದ ಶಿಫಾರಸು ಪತ್ರಗಳನ್ನು ಬರೆದು ಮುಗಿಸಬೇಕು. ಯಾರಿಗೆ ಯಾವ ವಿಷಯ ಕಷ್ಟ, ಯಾರ ಮನೆಯಲ್ಲಿ ಏನು ತೊಂದರೆ, ಯಾರ ಮೊಣಕಾಲು ಇನ್ನೂ ವಾಸಿಯಾಗಿಲ್ಲ ಎಂಬುದನ್ನೆಲ್ಲ ಬರುವವರ ಕೈಗೆ ಬರೆದು ಕೊಡಬೇಕು. ನಮ್ಮ ಶಾಲೆಯಿಂದ ಹೋದ ಒಬ್ಬರು ಹಾಗೆ ಕೊಟ್ಟು ಹೋದರು. ಹೊಸ ಕೋಚ್ ಮೊದಲ ಸೋಮವಾರ ನನ್ನ ಕೊಠಡಿಗೆ ಬಂದಾಗ ಆ ಹಾಳೆ ಅವರ ಕೈಯಲ್ಲಿತ್ತು, ಗಣಿತದಲ್ಲಿ ಹಿಂದಿರುವ ಮೂವರು ಹುಡುಗರ ಹೆಸರು ಅವರಿಗೆ ಗೊತ್ತಿತ್ತು.